ಪ್ರಸಂಗದ ಹೊರಗಿನ ಮಾತು

ಚಂದ್ರಗಿರಿ ಹೊಳೆಯಿಂದ ಬಡಗಲಾಗಿರುವ ನಮ್ಮ ಊರಿನಲ್ಲಿ ಹವ್ಯಾಸಿಗಳ ಒಂದು ತಾಳಮದ್ದಳೆ ಕೂಟವಿದೆ. ಶನಿವಾರ ಸಂಜೆ ಹಿರಿಯರೊಬ್ಬರ ಮನೆಯ ಚಾವಡಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆಗಳ ನುಡಿತ, ಅದರ ಬೆನ್ನಿಗೆ ಅರ್ಥಧಾರಿಗಳ ಮಾತು. ನಮ್ಮಲ್ಲಿ ಅಡಿಕೆ ಕೃಷಿಕರಿದ್ದಾರೆ, ಅಧ್ಯಾಪಕರಿದ್ದಾರೆ, ನಿವೃತ್ತ ನೌಕರರಿದ್ದಾರೆ. ಮನೆಮಾತು ಒಬ್ಬರದು ತುಳು, ಒಬ್ಬರದು ಹವ್ಯಕ, ಮತ್ತೊಬ್ಬರದು ಮಲೆಯಾಳ. ಭಾಗವತರು ತಾಳ ಕೈಗೆತ್ತಿಕೊಂಡರೆ ಎಲ್ಲರದೂ ಕನ್ನಡವೇ.

ಕೆಲವು ವರ್ಷಗಳ ಹಿಂದೆ ಈ ಕೂಟಕ್ಕೆ ನಾವೇ ಒಂದು ಕಟ್ಟುಪಾಡು ಹಾಕಿದೆವು. ಕಾರಣವಿಲ್ಲದೆ ಅಲ್ಲ. ವಾಲಿವಧೆಯಲ್ಲಿ ಶ್ರೀರಾಮನ ಅರ್ಥ ಹೇಳಿದ ತರುಣರೊಬ್ಬರಿಗೆ, ಮಂಗಳ ಹಾಡಿದೊಡನೆ, ನಮ್ಮ ಹಿರಿಯರೊಬ್ಬರು ಎಲ್ಲರೆದುರಿಗೆ, "ನೀವು ಪಾಠ ಒಪ್ಪಿಸಿದಿರಿ, ರಾಮ ಬರಲೇ ಇಲ್ಲ" ಎಂದುಬಿಟ್ಟರು. ತರುಣರು ಚಹಾಕ್ಕೂ ನಿಲ್ಲದೆ ಹೊರಟರು, ಮರುವಾರ ಬರಲಿಲ್ಲ. ಅದಲ್ಲದೆ ಅಡಿಕೆ ಧಾರಣೆ, ಕೊಳೆರೋಗ, ಮದ್ದು ಬಿಡುವವರು ಸಿಕ್ಕದ ಕಷ್ಟ ಇವುಗಳಲ್ಲೇ ಅರ್ಧ ಸಂಜೆ ಕಳೆಯುತ್ತದೆಂಬ ದೂರೂ ಹಳೆಯದಾಗಿತ್ತು. ಒಬ್ಬರ ಅರ್ಥವನ್ನು ಇನ್ನೊಬ್ಬರು ಟೀಕಿಸಬಾರದು, ಪ್ರಸಂಗದ ಹೊರಗಿನ ಮಾತು ಸಲ್ಲದು ಎಂದು ಒಂದು ರಟ್ಟಿನ ಮೇಲೆ ಬರೆದು ಚಾವಡಿಯ ಕಂಬಕ್ಕೆ ತೂಗಹಾಕಿದೆವು. ಅಕ್ಷರ ಮಾತ್ರ ಬಹಳ ಅಂದವಾಗಿತ್ತು.

ಕೂಟ ಹೊತ್ತಿಗೆ ಸರಿಯಾಗಿ ಮುಗಿಯತೊಡಗಿತು. ಯಾರು ಏನು ಹೇಳಿದರೂ "ಒಳ್ಳೆದಾಯಿತು" ಎಂಬ ಒಂದೇ ಮಾತು. ಆದರೆ ಗೇಟು ದಾಟಿ ಟಾರ್ಚು ಹಿಡಿದು ಇಬ್ಬಿಬ್ಬರಾಗಿ ನಡೆಯುವಾಗ ನಿಜವಾದ ಅಭಿಪ್ರಾಯಗಳು ಹೊರಬೀಳುತ್ತಿದ್ದವು. ಕೇಳಬೇಕಾದವರೊಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ಅವು ತಲುಪುತ್ತಿದ್ದವು.

ನಮ್ಮ ಕುರುಡನ್ನು ಈಗ ನೆನೆದರೆ ನಗು ಬರುತ್ತದೆ. ವಾಲಿವಧೆಗೆ ಜನ ಸೇರುವುದು ಬಾಣ ಬಿಡುವುದನ್ನು ನೋಡಲಿಕ್ಕಲ್ಲ. ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ರಾಮನನ್ನೇ ಮುಖಾಮುಖಿ ಕೇಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ಅದಕ್ಕಾಗಿ ನಿದ್ದೆಗೆಟ್ಟು ಕುಳಿತುಕೊಳ್ಳುವ ಸೀಮೆ ನಮ್ಮದು. ಕುಂಬಳೆಯ ಪಾರ್ತಿಸುಬ್ಬನ ಕರ್ತೃತ್ವವನ್ನೇ ಶಿವರಾಮ ಕಾರಂತರು ಪ್ರಶ್ನಿಸಿದಾಗ ಇಲ್ಲಿಯ ವಿದ್ವಾಂಸರು ಸುಮ್ಮನಿರಲಿಲ್ಲ. ಎದುರು ವಾದ ಹೂಡಿದರು, ಅದರಿಂದ ಪಾರ್ತಿಸುಬ್ಬನ ಓದು ಬೆಳೆಯಿತು. ಅಂಥ ನೆಲದಲ್ಲಿ ನಾವು ದೇವರನ್ನು ಪ್ರಶ್ನಿಸಲು ಬಿಟ್ಟು, ನಮ್ಮನ್ನು ಪ್ರಶ್ನಿಸಬಾರದೆಂದು ರಟ್ಟು ಕಟ್ಟಿದ್ದೆವು. ಫಲವಾಗಿ ಎಲ್ಲರೂ ಮರೆಯಲ್ಲಿ ನಿಂತೇ ಬಾಣ ಬಿಡುವವರಾದೆವು.

ಎರಡನೆಯ ನಿಯಮದ ಬೆಲೆ ಇನ್ನೂ ಹೆಚ್ಚಿನದು. ಮದ್ದಳೆ ಕಲಿಯಲು ಬರುತ್ತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ಸಂಜೆ ಮಂಕಾಗಿದ್ದ. ಚಹಾ ಕೊಡುತ್ತಾ ಮನೆಯೊಡತಿ ಕೇಳಿದ್ದಕ್ಕೆ ಆತ ಕಂಬದ ಕಡೆ ಒಮ್ಮೆ ನೋಡಿ, ಆಮೇಲೆ ಬಾಯಿಬಿಟ್ಟ. ಅವನ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಗಣಿತದ ಅಧ್ಯಾಪಕರು ಬಂದು ಎರಡು ತಿಂಗಳಾಗಿತ್ತು. ಪಾಠವೆಲ್ಲ ಮಲೆಯಾಳದಲ್ಲಿ. "ಇದುವರೆಗೆ ಯಾಕೆ ಹೇಳಲಿಲ್ಲ ಮಗಾ?" ಎಂದು ನಮ್ಮಲ್ಲೊಬ್ಬರು ಕೇಳಿದರು. "ಇಲ್ಲಿ ಬೇರೆ ಮಾತು ಆಡಬಾರದಲ್ಲ, ಮಾಷ್ಟ್ರೇ" ಎಂದ.

ಆ ರಾತ್ರಿ ಪದ ಏಳಲಿಲ್ಲ. 1956ರಲ್ಲಿ ಗಡಿ ಎಳೆದಂದಿನಿಂದ ಕನ್ನಡಕ್ಕಾಗಿ ಎಷ್ಟೋ ಮನವಿ ಬರೆದ ಹಿರಿಯರು ಆ ಚಾವಡಿಯಲ್ಲೇ ಕುಳಿತು ಹೋಗಿದ್ದರು; ನಾವು ಅಲ್ಲೇ ಒಬ್ಬ ಮಗುವಿನ ಬಾಯಿಗೆ ಬೀಗ ಹಾಕಿದ್ದೆವು. ಅಂದೇ ಹೆತ್ತವರ ಹೆಸರಿನಲ್ಲಿ ಮನವಿಯೊಂದನ್ನು ಬರೆದೆವು. ಮೂರು ಸಲ ಅಲೆದ ಮೇಲೆ ಕನ್ನಡ ಬಲ್ಲವರೊಬ್ಬರು ಆ ತರಗತಿಗೆ ಬಂದರು, ಅದೂ ತಾತ್ಕಾಲಿಕವಾಗಿ. ಹುಡುಗನ ಎರಡು ತಿಂಗಳು ಮಾತ್ರ ಮರಳಲಿಲ್ಲ.

ರಟ್ಟನ್ನು ಇಳಿಸಿದೆವು. ಹಾಗೆಂದು ಎಲ್ಲ ಮಾತಿಗೂ ಬಾಗಿಲು ತೆರೆದಿಲ್ಲ. ಜಾತಿಯನ್ನೋ ಮನೆಮಾತಿನ ಉಚ್ಚಾರವನ್ನೋ ಹಿಡಿದು ನಕ್ಕರೆ ಅಲ್ಲಿಯೇ ತಡೆಯುತ್ತೇವೆ. ಟೀಕೆ ಎದುರಿಗೇ ಆಗಬೇಕು. ಕೇಳಿದವರಿಗೆ ಉತ್ತರಿಸುವ ಹಕ್ಕಿದೆ. ಊರಿನ ಸುದ್ದಿಗೆ ಚಹಾದ ಹೊತ್ತು ಮೀಸಲು; ಅದು ಉದ್ದವಾದರೆ ಭಾಗವತರು ತಾಳ ಕುಟ್ಟುತ್ತಾರೆ. ಅವರೂ ಅಡಿಕೆ ಕೃಷಿಕರಾದ್ದರಿಂದ ಧಾರಣೆಯ ಸುದ್ದಿ ಬಂದಾಗ ಕುಟ್ಟುವುದು ತುಸು ತಡವಾಗುತ್ತದೆ.

ಬಿಟ್ಟುಹೋದ ಆ ತರುಣರ ಮನೆಗೆ, ಅಂದು ಜರೆದ ಹಿರಿಯರೇ ಎರಡು ಬಾರಿ ಹೋಗಿ ಬಂದರು. ಅವರು ಅರ್ಥಕ್ಕೆ ಇನ್ನೂ ಕುಳಿತಿಲ್ಲ. ಕಳೆದ ಆಟಿ ತಿಂಗಳ ಒಂದು ಮಳೆಯ ಸಂಜೆ ಮಾತ್ರ ಬಂದು ಜಗಲಿಯ ತುದಿಯಲ್ಲಿ ಕುಳಿತು ಪೂರ್ತಿ ಕೇಳಿದರು. ಅಂದೂ ವಾಲಿವಧೆಯೇ, ರಾಮನಾಗಿದ್ದವರು ಆ ಹಿರಿಯರು. ಮಂಗಳವಾದ ಮೇಲೆ ತರುಣರು ಎದ್ದು, "ವಾಲಿ ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ, ಹಾರಿಸಿದಿರಿ" ಎಂದರು. ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, "ಎಲ್ಲಿ, ಯಾವ ಪದಕ್ಕೆ?" ಎಂದು ಕೇಳಿ ಚಾಪೆಯಲ್ಲಿ ಜಾಗ ಬಿಟ್ಟುಕೊಟ್ಟರು.