ದಿಗಿಲು ತಿಂದು ಹೊಟ್ಟೆ ತುಂಬೀತೇ?

ಹಾಲಿವುಡ್‌ನ 2011ರ ‘ಗ್ರೀನ್ ಲ್ಯಾಂಟರ್ನ್’ ಚಿತ್ರದಲ್ಲಿ ಪ್ಯಾರಲ್ಯಾಕ್ಸ್ ಎಂಬ ಮಹಾಕಾಯವೊಂದು ನಕ್ಷತ್ರಗಳ ನಡುವೆ ತೇಲಿ ಬರುತ್ತದೆ. ಮೋಡದಂಥ ಮೈ, ಅದರೊಳಗೊಂದು ವಿಕಾರ ಮುಖ, ಅನ್ನವೆಂದರೆ ಭಯ. ಎದುರಿನವರು ನಡುಗಿದಷ್ಟೂ ಇದಕ್ಕೆ ಬಲ. ಗಾತ್ರ ಹೆಚ್ಚಿದಷ್ಟೂ ನೋಡುಗರ ಎದೆ ಝಲ್ಲೆನ್ನುತ್ತದೆ ಎಂಬ ಲೆಕ್ಕಾಚಾರ ಇಲ್ಲಿದ್ದಂತಿದೆ. ನನ್ನ ವಾದ ತದ್ವಿರುದ್ಧ. ಭಯವನ್ನೇ ಉಂಡು ಬದುಕುವ ಜೀವಿ ದೈತ್ಯಾಕಾರದ್ದಾಗಿರಲಾರದು. ಅಂಥದ್ದೊಂದು ಇದ್ದರೆ ಅದು ಸಣ್ಣದಾಗಿರಬೇಕು, ಮಿತಾಹಾರಿಯಾಗಿರಬೇಕು, ಬಹುಕಾಲ ಮಲಗಿರುವಂಥದಾಗಿರಬೇಕು.

ಭಯ ಹುಟ್ಟುವುದು ಮಿದುಳಿನಲ್ಲಿ. ಮನುಷ್ಯನ ಮಿದುಳು ಬಳಸುವ ಶಕ್ತಿ ಸುಮಾರು 20 ವ್ಯಾಟ್. ಭೂಮಿಯ 800 ಕೋಟಿ ಜನರೂ ಉಳಿದ ಯೋಚನೆಗಳನ್ನೆಲ್ಲ ಬದಿಗಿಟ್ಟು ಬರೀ ಹೆದರುತ್ತ ಕೂತರೂ ಒಟ್ಟು ಸಿಗುವುದು 1.6 ಲಕ್ಷ ಮೆಗಾವ್ಯಾಟ್. 2024ರ ಮೇ ತಿಂಗಳ ಸೆಖೆಯಲ್ಲಿ ಭಾರತವೊಂದರ ವಿದ್ಯುತ್ ಬೇಡಿಕೆಯೇ 2.5 ಲಕ್ಷ ಮೆಗಾವ್ಯಾಟ್ ಮುಟ್ಟಿತ್ತು. ನಮ್ಮ ಫ್ಯಾನು, ಪಂಪ್‌ಸೆಟ್ಟು, ಕಾರ್ಖಾನೆಗಳಿಗೇ ಸಾಲದ ಈ ಶಕ್ತಿ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ದೇಹವನ್ನು ಸಾಕುವುದೆಂತು? ಇದರ ಹತ್ತು ಲಕ್ಷ ಪಟ್ಟು ಶಕ್ತಿ ಬಿಸಿಲಿನ ರೂಪದಲ್ಲಿ ಸದಾ ಭೂಮಿಗೆ ಬಂದು ತಲುಪುತ್ತಿದೆ. ಅದನ್ನು ಬಿಟ್ಟು ನಮ್ಮ ದಿಗಿಲಿಗೆ ಮೂಗು ಚಾಚುವ ಪ್ಯಾರಲ್ಯಾಕ್ಸ್, ಪಂಕ್ತಿಯಿಂದೆದ್ದು ಬಂದು ಅಂಗಳದಲ್ಲಿ ಅಗುಳು ಹೆಕ್ಕುವವನ ಹಾಗೆ. ಚಿತ್ರದ ಕೊನೆಯಲ್ಲಿ ನಾಯಕ ಅದನ್ನು ಪುಸಲಾಯಿಸಿ ಸೂರ್ಯನಿಗೇ ಬೀಳಿಸುತ್ತಾನೆ ಎನ್ನುವುದು ಬೇರೆ ಮಾತು.

ಕಟ್ಟುಕತೆಗೆ ತಕ್ಕಡಿ ಯಾಕೆ ಎಂದು ಕೇಳಬಹುದು. ಭಯ ತಿನ್ನುವ ಪ್ರಾಣಿಯಿದೆ ಎಂಬ ಒಂದು ಸುಳ್ಳನ್ನು ಓದುಗ ಸಂತೋಷದಿಂದಲೇ ಒಪ್ಪುತ್ತಾನೆ. ಒಪ್ಪಿದ ಮೇಲೆ ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ನಡೆಯಬೇಕು. ಸ್ಟೀಫನ್ ಕಿಂಗ್‌ಗೆ ಇದು ಗೊತ್ತಿತ್ತು. ಅವನ 1986ರ ‘ಇಟ್’ ಕಾದಂಬರಿಯಲ್ಲಿ ವಿಶ್ವದಾಚೆಯಿಂದ ಬಂದ ಜೀವಿ ಡೆರಿ ಎಂಬ ಒಂದೇ ಊರಿಗೆ ಅಂಟಿಕೊಳ್ಳುತ್ತದೆ, ಹೆಚ್ಚುಕಡಿಮೆ 27 ವರ್ಷಕ್ಕೊಮ್ಮೆ ಎದ್ದು ಉಂಡು ಮತ್ತೆ ಮಲಗುತ್ತದೆ. ಅಲ್ಲಿ ಭಯ ಊಟವೂ ಅಲ್ಲ, ಮಾಂಸಕ್ಕೆ ಹಾಕುವ ಉಪ್ಪು.

ಗಾತ್ರವಿರುವುದು ಹೊಟ್ಟೆಗಲ್ಲ, ಹೆದರಿಸಲಿಕ್ಕೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಇದಕ್ಕೆ ಕೆನಡಾದ ಗುಬ್ಬಿಗಳು ಉತ್ತರ ಕೊಟ್ಟಿವೆ. ಲಿಯಾನಾ ಜಾನೆಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬ್ರಿಟಿಷ್ ಕೊಲಂಬಿಯಾದ ದ್ವೀಪಗಳಲ್ಲಿ ಗೂಡುಗಳ ಸುತ್ತ ಬಲೆ, ವಿದ್ಯುತ್ ಬೇಲಿ ಹಾಕಿ ನಿಜವಾದ ಬೇಟೆಗಾರ ಪ್ರಾಣಿಪಕ್ಷಿಗಳನ್ನು ದೂರವಿಟ್ಟರು. ಆಮೇಲೆ ಸ್ಪೀಕರಿನಲ್ಲಿ ಅವುಗಳ ಕೂಗನ್ನು ಮಾತ್ರ ಕೇಳಿಸಿದರು. ಒಂದು ರೆಕ್ಕೆಯೂ ಕಾಣಿಸಿಕೊಳ್ಳಲಿಲ್ಲ, ಆದರೂ ಆ ಗುಬ್ಬಿಗಳು ಬೆಳೆಸಿದ ಮರಿಗಳು ಶೇ. 40ರಷ್ಟು ಕಡಿಮೆಯಾದವು. ಹೆದರಿಸಲು ಮೈ ಬೇಕಿಲ್ಲ, ಸದ್ದು ಸಾಕು. ಅದಕ್ಕಿಂತ ಮುಖ್ಯ, ಎಡೆಬಿಡದೆ ಹೆದರಿಸಿದರೆ ಹೆದರುವವರೇ ಕಮ್ಮಿಯಾಗುತ್ತಾರೆ. ದುರಾಸೆಯ ಭಯಭಕ್ಷಕ ತನ್ನ ಕಣಜಕ್ಕೆ ತಾನೇ ಬೆಂಕಿಯಿಟ್ಟುಕೊಳ್ಳುತ್ತದೆ. ಕಮ್ಮಿಯಾಗದೆ ಉಳಿದವರಿಗೆ ಗುಮ್ಮ ರೂಢಿಯಾಗಿಬಿಡುತ್ತದೆ. 2001ರ ‘ಮಾನ್‌ಸ್ಟರ್ಸ್, ಇಂಕ್.’ ಚಿತ್ರದ ಊರಿನಲ್ಲಿ ಮಕ್ಕಳ ಚೀರಾಟದಿಂದಲೇ ದೀಪ ಉರಿಯಬೇಕು. ಮಕ್ಕಳು ಸುಲಭಕ್ಕೆ ಬೆದರದ ಕಾಲ ಬಂದು ಅಲ್ಲೂ ಕರೆಂಟಿನ ಅಭಾವ.

ಈ ಜಾತಿಯಲ್ಲಿ ನನ್ನ ಮತ 1967ರ ‘ಸ್ಟಾರ್ ಟ್ರೆಕ್’ ಕಂತೊಂದರ ರೆಡ್ಜ್ಯಾಕ್‌ಗೆ. ಅದಕ್ಕೆ ಸ್ವಂತ ಮೈಯೇ ಇಲ್ಲ. ಯಾರದೋ ದೇಹ ಹೊಕ್ಕು, ಗ್ರಹದಿಂದ ಗ್ರಹಕ್ಕೆ ದಾಟಿ, ಕೆಲವರನ್ನಷ್ಟೇ ಬೆದರಿಸಿ ಕೊಂದು ಶತಮಾನಗಳನ್ನು ಕಳೆದಿದೆ. ಕಂತಿನ ಅಂತರಿಕ್ಷ ಹಡಗಿನವರು ಅದನ್ನು ಸೋಲಿಸಲು ಬಳಸುವ ಉಪಾಯ ಫಿರಂಗಿಯಲ್ಲ, ಎಲ್ಲರಿಗೂ ಮನಸ್ಸು ಹಗುರಾಗಿಸುವ ಒಂದೊಂದು ಇಂಜೆಕ್ಷನ್. ಇನ್ನು ಮುಂದೆ ಇಂಥ ಜೀವಿಯನ್ನು ಸೃಷ್ಟಿಸಹೊರಟವರು ದಯವಿಟ್ಟು ಮೊದಲು ಅದರ ಗಾತ್ರ ಇಳಿಸಲಿ, ಆಮೇಲೆ ಹಲ್ಲು ಜೋಡಿಸಲಿ.