ಛಾಯಾನೃತ್ತ

ಗೀತ, ವಾದ್ಯ, ನೃತ್ತಗಳು ಒಡಹುಟ್ಟಿದುವೆಂಬುದು ನಮ್ಮ ಲಾಕ್ಷಣಿಕರ ಭಾವನೆ. ಹಾಡಿಗೆ ಹಸ್ತ, ಹಸ್ತಕ್ಕೆ ದೃಷ್ಟಿ, ತಾಳಕ್ಕೆ ಹೆಜ್ಜೆ. ಒಂದನ್ನೊಂದು ಅನುಸರಿಸುವುದೇ ಅಲ್ಲಿ ಧರ್ಮ. ಅಮೆರಿಕಾ ದೇಶದ ನರ್ತಕ ಮರ್ಸ್ ಕನಿಂಗ್‌ಹ್ಯಾಮರೂ ಅವರ ಸಂಗಾತಿ, ಸಂಗೀತರಚಕ ಜಾನ್ ಕೇಜರೂ ಈ ಧರ್ಮವನ್ನು ಬಿಟ್ಟು ಬೇರೆ ದಾರಿ ಹಿಡಿದರು. ನೃತ್ತವನ್ನೊಬ್ಬರು, ಸಂಗೀತವನ್ನೊಬ್ಬರು, ರಂಗಚಿತ್ರವನ್ನು ಮತ್ತೊಬ್ಬರು ಬೇರೆಬೇರೆಯಾಗಿ ರಚಿಸುವುದು. ಕಾಲಾವಧಿಯೊಂದೇ ಅವಕ್ಕೆ ಸಮಾನ. ಮೂರೂ ಒಂದುಗೂಡುವುದು ಬಹುಮಟ್ಟಿಗೆ ಪ್ರದರ್ಶನದ ಹೊತ್ತಿಗೇ. ಯಾವ ಕಲೆಯೂ ಮತ್ತೊಂದಕ್ಕೆ ದಾಸಿಯಲ್ಲ.

ಸಂಬಂಧವಿಲ್ಲದುದನ್ನು ಒಂದೆಡೆ ತಂದರೆ ಅರ್ಥವೇನು ಬಂದಿತೆಂದು ವಾಚಕರು ಕೇಳಬಹುದು. ಪ್ರಶ್ನೆ ಹೊಸತಲ್ಲ. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ಮುನಿಗಳು ಭರತನನ್ನು ಇಂಥದನ್ನೇ ಕೇಳಿದರು: ಗೀತಾರ್ಥವನ್ನು ಅಭಿನಯಿಸದ ನೃತ್ತವಾದರೂ ಏತಕ್ಕೆ? ನೃತ್ತಕ್ಕೆ ಅರ್ಥದ ಅಪೇಕ್ಷೆಯಿಲ್ಲ, ಅದು ಶೋಭೆಯನ್ನುಂಟುಮಾಡುತ್ತದೆ ಎಂಬುದು ಭರತನ ಸಮಾಧಾನದ ತಾತ್ಪರ್ಯ. ಕನಿಂಗ್‌ಹ್ಯಾಮರ ಪಕ್ಷವೂ ಇದಕ್ಕೆ ದೂರವಾದುದಲ್ಲ.

1999ನೆಯ ಇಸವಿ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಅವರ ‘ಬೈಪೆಡ್’ ಮೊದಲು ರಂಗಕ್ಕೆ ಬಂದಿತು. ಎರಡು ಕಾಲುಳ್ಳ ಪ್ರಾಣಿಯೆಂದು ಹೆಸರಿನ ಅರ್ಥ. ಆಗ ಅವರಿಗೆ 80 ವರ್ಷ; ಸಂಧಿವಾತವು ಕಾಲುಗಳನ್ನು ಕಟ್ಟಿಹಾಕಿತ್ತು. 70ರ ಸುಮಾರಿನಿಂದಲೇ ಅವರು ಗಣಕಯಂತ್ರದ ತೆರೆಯಲ್ಲಿ ಗೊಂಬೆಗಳನ್ನಾಡಿಸಿ ಚಲನೆಗಳನ್ನು ಹೊಂದಿಸುವುದನ್ನು ಅಭ್ಯಾಸಮಾಡಿಕೊಂಡಿದ್ದರು. ಈ ಕೃತಿಗಾಗಿ ಪಾಲ್ ಕೈಸರ್, ಶೆಲ್ಲಿ ಎಶ್ಕರ್ ಎಂಬ ಚಿತ್ರಕಾರರು ನರ್ತಕರ ಮೈಗೆ ಬೆಳಕನ್ನು ಪ್ರತಿಫಲಿಸುವ ಗುರುತುಗಳನ್ನಂಟಿಸಿ, ಸುತ್ತಲೂ ಕ್ಯಾಮೆರಾಗಳನ್ನಿಟ್ಟು, ಆ ಬಿಂದುಗಳ ಗತಿಯನ್ನು ಮಾತ್ರ ಹಿಡಿದರು. ಮುಖವಿಲ್ಲ, ಮಾಂಸವಿಲ್ಲ, ಉಳಿದುದು ಚಲನೆಯೊಂದೇ. ಅದಕ್ಕೆ ಕೈಯಿಂದ ಗೀಚಿದಂಥ ರೇಖಾಶರೀರವನ್ನು ಕೊಟ್ಟು, ರಂಗದ ಮುಂದೆ ಇಳಿಬಿಟ್ಟ ತೆಳುತೆರೆಯ ಮೇಲೆ ಮೂಡಿಸಿದರು. ತೆರೆಯ ಹಿಂದೆ ಮಿರುಗುವ ಉಡುಪಿನ ನರ್ತಕರು, ತೆರೆಯ ಮೇಲೆ ಆಳೆತ್ತರವನ್ನು ಮೀರಿದ ಬೆಳಕಿನ ಆಕೃತಿಗಳು, ಜೊತೆಗೆ ಗ್ಯಾವಿನ್ ಬ್ರಯರ್ಸರ ಮಂದಗತಿಯ ಸಂಗೀತ. ಸುಮಾರು 45 ನಿಮಿಷಗಳ ಕಾಲ ಶರೀರವೂ ಛಾಯೆಯೂ ಒಂದೇ ಕಣ್ಣಿಗೆ ಬೀಳುತ್ತವೆ. ಅವನ್ನು ಸೇರಿಸಿಕೊಳ್ಳುವ ಭಾರ ಸಹೃದಯನದು.

ಸೂರ್ಯನ ತಾಪವನ್ನು ಸಹಿಸಲಾರದೆ ಸಂಜ್ಞಾದೇವಿಯು ಛಾಯೆಯನ್ನು ತನ್ನ ಸ್ಥಾನದಲ್ಲಿರಿಸಿ ಹೋದ ಕಥೆ ಪುರಾಣಪ್ರಸಿದ್ಧವಾದುದು. ರೂಪದಲ್ಲಿ ಕೊರತೆಯಿರಲಿಲ್ಲ, ಸೂರ್ಯನಿಗೂ ತಿಳಿಯಲಿಲ್ಲ. ಮಗನನ್ನು ಶಪಿಸಿದಾಗ ಮಾತ್ರ, ಹೆತ್ತವಳು ಹೀಗೆ ನುಡಿಯಳೆಂದು ಯಮನಿಗೆ ಸಂದೇಹ ಹುಟ್ಟಿತು. ಯಂತ್ರವು ಹಿಡಿಯುವುದು ಆಂಗಿಕವನ್ನು. ಸಾತ್ತ್ವಿಕವು ಅದಕ್ಕೆ ಸಿಕ್ಕದು. ಭರತನೆಣಿಸಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವೇದವೂ ಒಂದು, ರೇಖಾಶರೀರವು ಬೆವರಲಾರದು. ಭಾವಾಭಿನಯವನ್ನೇ ತೊರೆದ ನೃತ್ತಕ್ಕೆ ಸಾತ್ತ್ವಿಕವೇಕೆಂದರೆ, ಏರುವ ಉಸಿರು, ಒಂಟಿಕಾಲಿನ ಕಂಪ, ತಪ್ಪಿಬಿದ್ದೇನೆಂಬ ಅಳುಕು ಇವು ಅಭಿನಯಿಸದೆಯೇ ಬರತಕ್ಕವು. ಛಾಯೆ ಪಕ್ಕದಲ್ಲಿರುವುದರಿಂದಲೇ ಅವು ಎದ್ದು ಕಾಣುತ್ತವೆ. ಇಲ್ಲಿಯ ಛಾಯೆ ಮೋಸಗೊಳಿಸಲು ಬಂದುದಲ್ಲ. ಶರೀರದ ಬೆಲೆಯನ್ನು ತಿಳಿಸಲು ಬಂದುದು.

ಈ ಬೆಲೆಯನ್ನು ಕನಿಂಗ್‌ಹ್ಯಾಮರು ಚೆನ್ನಾಗಿ ಬಲ್ಲವರಾಗಿದ್ದರು. 2009ರಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ನರ್ತಕಮಂಡಲಿಯು ಎರಡು ವರ್ಷ ಲೋಕಸಂಚಾರಮಾಡಿ, 2011ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ಕಡೆಯ ಪ್ರದರ್ಶನವನ್ನು ಕೊಟ್ಟು ವಿಸರ್ಜನೆಯಾಯಿತು. 80ಕ್ಕೂ ಹೆಚ್ಚು ಕೃತಿಗಳಿಗೆ ಸಂಬಂಧಿಸಿದ ಟಿಪ್ಪಣಿ, ಚಲಚ್ಚಿತ್ರ, ಉಡುಪು ಬೆಳಕುಗಳ ವಿವರ ಎಲ್ಲವನ್ನೂ ಕಾಪಿಟ್ಟಿದ್ದಾರೆ. ಇಷ್ಟಾದರೂ ಅವು ಓಲೆಯ ಮೇಲಿನ ಸ್ವರಚಿಹ್ನೆಯಿದ್ದಂತೆ. ಅವರ ಶಿಷ್ಯರು ಬೇರೆ ಬೇರೆ ಮಂಡಲಿಗಳ ಎಳೆಯರಿಗೆ ಎದುರು ನಿಂತು ಹೇಳಿಕೊಟ್ಟಾಗಲೇ ಅವಕ್ಕೆ ಪುನಃ ಜೀವ ಬರುವುದು. ವೇದವನ್ನು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಜನರಿಗೆ ಇದನ್ನು ವಿವರಿಸಬೇಕಾದುದಿಲ್ಲ.