ಅಪ್ಪನ ಹೆಸರಿನ ಜಾಗದಲ್ಲಿ ಬೆಂಗಳೂರು

ಸಂಕ್ರಾಂತಿ ದಿನ ಗವಿ ಗಂಗಾಧರೇಶ್ವರನ ಗುಡಿ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಲಿಂಗದ ಮೇಲೆ ಬಿಸಿಲು ಬೀಳುವುದನ್ನು ನೋಡಬೇಕಲ್ಲ. ನಮ್ಮ ಮನೆ ಆ ಸಾಲಿನಿಂದ ಆಚೆ, ಗವಿಪುರದ ಒಂದು ಸಂದಿಯಲ್ಲಿ. ನಾನು ಆ ದಿನ ಹೊರಗೇ ಹೋಗಲಿಲ್ಲ. ಸಂಡೇ ಬಜಾರಿನಲ್ಲಿ ಹಳೇ ಗ್ರಾಮಫೋನ್ ಪ್ಲೇಟು ಹುಡುಕುವ ಗೆಳೆಯನೊಬ್ಬ ಆ ಕಾಲದ ಹೆಂಗಸರ ಹಾಡುಗಳನ್ನೆಲ್ಲ ಒಂದೆಡೆ ಸೇರಿಸಿ ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದ. ಗೌಹರ್ ಜಾನ್ ಇದ್ದಳು, ಬೀಳಗಿಯ ಅಮೀರ್‌ಬಾಯಿ ಇದ್ದಳು. "ನಿಮ್ಮ ಪಕ್ಕದ ಗುಡ್ಡದ ಸಂಬಂಧದವಳೂ ಇದಾಳೆ, ಕೇಳು" ಅಂದಿದ್ದ. ಬೆಂಗಳೂರು ನಾಗರತ್ನಮ್ಮ.

ಗುಡ್ಡ ಅಂದರೆ ಹನುಮಂತನಗರದ ನರಹರಿರಾಯನ ಗುಡ್ಡ. ಮೌಂಟ್ ಜಾಯ್ ಅಂತಲೂ ಕರೆಯುತ್ತಾರೆ. ಚಿಕ್ಕಂದಿನಲ್ಲಿ ಗಾಳಿಪಟ ಹಾರಿಸಿದ ಜಾಗ. ಆ ನರಹರಿರಾಯರು ಮೈಸೂರು ಸಂಸ್ಥಾನದ ಜಡ್ಜು, ನಾಗರತ್ನಮ್ಮನಿಗೆ ಆಶ್ರಯ ಕೊಟ್ಟವರು. ಜಡ್ಜಿನ ಹೆಸರು ಗುಡ್ಡಕ್ಕೆ ಉಳಿದಿದೆ. ಹಾಡಿದವಳನ್ನು ನಮ್ಮ ಬೀದಿಯಲ್ಲಿ ಕೇಳಿದರೆ "ಯಾವ ನಾಗರತ್ನಮ್ಮ, ರೇಷನ್ ಅಂಗಡಿಯವಳಾ?" ಅನ್ನುತ್ತಾರೆ.

ಹಾಡು ಹಾಕಿದೆ. ಎಣ್ಣೆ ಕಾದಂಥ ಸದ್ದು, ಅದರೊಳಗಿಂದ ಒಂದು ಗಟ್ಟಿ ದನಿ. ಒಲೆ ಮುಂದಿದ್ದ ಅವ್ವ ತಿರುಗಿ, "ಯಾರ್ಲಾ ಅದು, ಯಾಕಂಗೆ ಕೂಗ್ತಾವ್ಳೆ?" ಅಂದಳು.

ಕೂಗಲೇಬೇಕಿತ್ತು ಕಣವ್ವ ಅಂದೆ. ಆಗ ಮೈಕು ಇರಲಿಲ್ಲ. ದೊಡ್ಡ ಕೊಳವೆಯೊಳಕ್ಕೆ ಮುಖವಿಟ್ಟು ಹಾಡಬೇಕು, ದನಿಯ ಬಲಕ್ಕೇ ಮುಳ್ಳು ಅಲುಗಿ ಮೇಣದ ಮೇಲೆ ಗೀರಬೇಕು. ಮೂರು ನಿಮಿಷಕ್ಕೆ ಪ್ಲೇಟು ಮುಗಿಯಿತು. 1902ರಲ್ಲಿ ಕಲ್ಕತ್ತೆಗೆ ಗ್ರಾಮಫೋನಿನವರು ಬಂದಾಗ ಮರ್ಯಾದಸ್ಥರ ಮನೆಯ ಹೆಂಗಸರು ಹತ್ತಿರ ಸುಳಿಯಲಿಲ್ಲ. ಹಾಡಿದವರು ತವಾಯಫರು; ದಕ್ಷಿಣದಲ್ಲಿ ದೇವದಾಸಿಯರು. ಪ್ಲೇಟು ಮಾಡುತ್ತಿದ್ದದ್ದು ಅರಗಿನಲ್ಲಿ. ಛೋಟಾ ನಾಗಪುರದ ಕಾಡಿನಲ್ಲಿ ಆ ಅರಗನ್ನು ಕೊಂಬೆಯಿಂದ ಕೆರೆದವರು ಆದಿವಾಸಿಗಳು. ಅವರ ಹೆಸರು ಯಾವ ಪ್ಲೇಟಿನ ಮೇಲೂ ಇಲ್ಲ.

ಅವ್ವ ಸುಮ್ಮನೆ ಕೇಳುತ್ತಿದ್ದವಳು, "ಅವಳಪ್ಪ ಯಾರು?" ಅಂದಳು.

ಈ ಪ್ರಶ್ನೆ ನಮ್ಮ ಮನೆಯಲ್ಲಿ ಹಗುರದ್ದಲ್ಲ. ನಮ್ಮಜ್ಜಿ ಬಳ್ಳಾರಿ ಸೀಮೆಯ ಬಸವಿ. ಮದುವೆಯಿಲ್ಲದೆ ದೇವರ ಹೆಸರಲ್ಲಿ ಬಿಟ್ಟ ಹೆಣ್ಣು. ಅವ್ವನನ್ನು ಶಾಲೆಗೆ ಸೇರಿಸಲು ಹೋದಾಗ ಅರ್ಜಿಯಲ್ಲಿ ತಂದೆ ಹೆಸರಿನ ಜಾಗ ಖಾಲಿ. ಬರೆದುಕೊಳ್ಳುತ್ತಿದ್ದವನು ಪೆನ್ನು ಕೆಳಗಿಟ್ಟು ನಕ್ಕನಂತೆ. ಅಜ್ಜಿ ಮಗಳ ಕೈ ಹಿಡಿದು ವಾಪಸು ಬಂದಳು. ಅವ್ವನ ಓದು ಅಲ್ಲಿಗೇ ಮುಗಿಯಿತು.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ಅಪ್ಪ ವಕೀಲ, ಕೈಬಿಟ್ಟ. ಐದು ವರ್ಷಕ್ಕೇ ದೇವದಾಸಿ ಮಾಡಿದರು. ಆಕೆ ಸಂಸ್ಕೃತ, ತೆಲುಗು, ಇಂಗ್ಲಿಷು ಕಲಿತಳು. ಮುನಿಸ್ವಾಮಪ್ಪನವರ ಹತ್ತಿರ ಸಂಗೀತ ಕಲಿತಳು. ಮದರಾಸಿಗೆ ಹೋಗಿ ದೊಡ್ಡ ಹೆಸರು ಮಾಡಿದಳು. ಗಂಡಸರು ಅಪ್ಪನ ಹೆಸರಿಟ್ಟುಕೊಳ್ಳುವ ಜಾಗದಲ್ಲಿ ಆಕೆಗಿದ್ದದ್ದು ಬೆಂಗಳೂರು. ಅದನ್ನು ಕೇಳಿ ಅವ್ವ, "ಓ, ಅಂಗೂ ಬರೀಬೌದಾ?" ಅಂದಳು. ನಾನು ಉತ್ತರ ಕೊಡಲಿಲ್ಲ.

ಮುದ್ದುಪಳನಿ ಅನ್ನುವ ತಂಜಾವೂರಿನ ದೇವದಾಸಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು, ಹಿಂದಿನವರು ಕತ್ತರಿ ಹಾಕಿದ್ದ ಪದ್ಯಗಳನ್ನೂ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದವಳೂ ಈಕೆಯೇ. ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ನಿಷೇಧಿಸಿತು. ನಿಷೇಧ ಹೋದದ್ದು 1947ರಲ್ಲಿ. ಗಂಡಸರು ಬರೆದ ಶೃಂಗಾರವನ್ನು ಪಂಡಿತರು ಗುಡಿಯಲ್ಲೇ ಕೂತು ಓದಿಸುತ್ತಿದ್ದರು ಅನ್ನುವುದನ್ನು ನಾವು ಮರೆಯಬಾರದು. ತಿರುವೈಯಾರಿನಲ್ಲಿ ತನ್ನ ದುಡ್ಡು ಸುರಿದು ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. ಆರಾಧನೆಯಲ್ಲಿ ಹೆಂಗಸು ಹಾಡಬಾರದು ಅಂದರು. 1927ರಲ್ಲಿ ಹೆಂಗಸರದೇ ಬೇರೆ ಗುಂಪು ಕಟ್ಟಿ ಗುಡಿಯ ಹಿಂದೆ ಹಾಡಿಸಿದಳು. 1952ರಲ್ಲಿ ತೀರಿಕೊಂಡಳು.

ಆದರೆ ಗೆಳೆಯರೆ, ಆಕೆಯ ಜೊತೆ ನನಗೆ ಜಗಳವೂ ಇದೆ. ಸಮಾಧಿಗೆ ಸುರಿದ ದುಡ್ಡಿನ ಮಾತು ಹಾಗಿರಲಿ. ಮುತ್ತುಲಕ್ಷ್ಮಿ ರೆಡ್ಡಿಯವರು (ಅವರ ತಾಯಿಯೂ ದೇವದಾಸಿ ಕುಲದವರೇ) ಈ ಪದ್ಧತಿ ತೆಗೆಯಬೇಕೆಂದು ಹೊರಟಾಗ ನಾಗರತ್ನಮ್ಮ ಎದುರು ನಿಂತಳು. ನಾವು ಕಲಾವಿದೆಯರು, ಆಸ್ತಿ ಇರುವವರು, ನಮ್ಮನ್ನು ಸೂಳೆಯರೆನ್ನಬೇಡಿ ಎಂಬುದು ಆಕೆಯ ವಾದ. ಆಕೆಯ ಮಟ್ಟಿಗೆ ಅದು ನಿಜವೇ ಇರಬಹುದು. ನಮ್ಮಜ್ಜಿಗೆ ಸಂಸ್ಕೃತ ಕಲಿಸಿದವರಿಲ್ಲ, ಗುಡ್ಡದ ಜಡ್ಜೂ ಇರಲಿಲ್ಲ. ಗುಡಿಯ ಹೊಸಿಲು ಕೂಡ ದಾಟದ ಹೊಲಗೇರಿ ಮಾದಿಗೇರಿಯ ಹೆಣ್ಣುಮಕ್ಕಳನ್ನು ಅದೇ ದೇವರ ಹೆಸರಲ್ಲಿ ಊರಿಗೆ ಬಿಟ್ಟರು. ಕರ್ನಾಟಕದಲ್ಲಿ ಕಾಯಿದೆ ಬಂದದ್ದು 1982ರಲ್ಲಿ. ಅಜ್ಜಿ ಅಷ್ಟರಲ್ಲಿ ಮಣ್ಣಾಗಿದ್ದಳು.

ದಲಿತ ಪ್ಯಾಂಥರರು 1972ರಲ್ಲಿ ಅಮೆರಿಕದ ಕಪ್ಪು ಜನರಿಂದ ಹೆಸರು ತಂದರು, ನಾವು ಅವರ ಹಾಡನ್ನೂ ತಂದುಕೊಳ್ಳಬೇಕಿತ್ತು. ಮುಂದೆ ‘ಸೋಲ್’ ಅನ್ನಿಸಿಕೊಂಡ ಹಾಡುಗಾರಿಕೆಗೆ ನೆಲ ಹದ ಮಾಡಿದವರಲ್ಲಿ ಬಿಗ್ ಮಾಮಾ ಥಾರ್ನ್‌ಟನ್ ಒಬ್ಬಳು. 1952ರಲ್ಲಿ ಆಕೆ ಹಾಡಿದ ‘ಹೌಂಡ್ ಡಾಗ್’ ಹಾಡನ್ನು 1956ರಲ್ಲಿ ಹಾಡಿ ಲೋಕವನ್ನೇ ಗೆದ್ದವನು ಬಿಳಿಯ ಎಲ್ವಿಸ್ ಪ್ರೀಸ್ಲಿ. ಆ ಕಾಲದ ಅವಳ ಹಾಡುಗಳ ಸಂಕಲನ 1992ರಲ್ಲಿ ಬಂತು. ಅವಳು ಸತ್ತು ಎಂಟು ವರ್ಷವಾಗಿತ್ತು. ಆದರೂ ಸೇರಿಸಿಡಲು ಪ್ಲೇಟಾದರೂ ಇತ್ತು. ನಾಗರತ್ನಮ್ಮನದೂ ಇದೆ. ನಮ್ಮಜ್ಜಿ ಚೌಡಿಕೆ ಹಿಡಿದು ರಾತ್ರಿಯೆಲ್ಲ ಹಾಡಿದ್ದು ಯಾವ ಮೇಣದ ಮೇಲೂ ಗೀರಲಿಲ್ಲ. ಇರುವುದು ಅವ್ವನ ನೆನಪಿನಲ್ಲಿ. ಅವಳೋ ಗವಿಪುರಕ್ಕೆ ಬಂದ ಮೇಲೆ ಅದನ್ನು ಬಾಯಿಗೇ ತಂದವಳಲ್ಲ. ಹಾಡಿದರೆ ಅಮ್ಮ ಯಾರೆಂದು ಗೊತ್ತಾಗಿಬಿಡುತ್ತದೆ ಅಂತ.

ಫೋನು ಅವಳ ಮುಂದಿಟ್ಟು, "ಅಜ್ಜಿ ಹಾಡು ಒಂದು ಹೇಳವ್ವ" ಅಂದೆ.

"ಮೊದ್ಲು ಆ ಬಾಗ್ಲು ಹಾಕ್ಲಾ" ಅಂದಳು.

ಹಾಕಿ ಬಂದೆ. ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತಿದ್ದಳು. ಫೋನನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ, "ಪಕ್ಕದ್ಮನೆಯವ್ರು ಇನ್ನೂ ಮಲಗಿಲ್ಲ, ನಾಳಿಕ್ ನೋಡಾನ ಬುಡು" ಅಂದು ಎದ್ದಳು.